ಭಸ್ಮಕವೆಂಬ ಹಸಿವು

ಖಜೂರಿಯ ನಮ್ಮ ಮನೆಯಲ್ಲಿ ರೊಟ್ಟಿ ಬುಟ್ಟಿ ಅಡುಗೆಮನೆಯ ಮೂಲೆಯಲ್ಲಿ ಬಿಳಿ ಅರಿವೆ ಹೊದ್ದು ಕೂತಿರುತ್ತದೆ. ಕಟಕ ರೊಟ್ಟಿ ಮುರಿದರೆ ಸದ್ದಾಗುತ್ತದೆ. ಹಗಲಲ್ಲಿ ಯಾರಿಗೂ ಕೇಳದ ಆ ಸದ್ದು ರಾತ್ರಿ ಎರಡು ಗಂಟೆಗೆ ಇಡೀ ಮನೆಗೆ ಕೇಳುತ್ತದೆ. 2021ರ ದೀಪಾವಳಿ ರಜೆಯಲ್ಲಿ ನಾನು ಸಿಕ್ಕಿಬಿದ್ದದ್ದು ಹಾಗೆ.

"ಯಾರದು?" ಅಂದಳು ಆಯಿ, ಪಡಸಾಲೆಯಿಂದ.

"ನಾನೇ, ಆಯಿ."

"ಹಸಿವಿ ಆಗ್ಯಾದೇನು?"

"ಇಲ್ಲ, ನೀರು ಕುಡೀಲಿಕ್ಕ ಬಂದೀನಿ" ಅಂದೆ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. ನಲವತ್ತರ ಹೆಂಗಸು, ಪದವಿ ಕಾಲೇಜಿನಲ್ಲಿ ಇತಿಹಾಸ ಹೇಳುವವಳು, ಅಜ್ಜಿಗೆ ಸುಳ್ಳು ಹೇಳಿದ್ದೆ. ಮೂರು ವರ್ಷದ ಹಿಂದೆ ಸೊಸೈಟಿಯಲ್ಲಿ ಸಾಲ ತೆಗೆದು, ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯಿಸಿಕೊಂಡು ಬಂದವಳಿಗೆ ಹಸಿವೆಯಾಗಿದೆ ಎಂದು ಹೇಗೆ ಹೇಳುವುದು?

ನನಗಾದದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆ ಮಾಡಿ ಹೊಲಿಯುತ್ತಾರೆ. ಆಗ ನಾನು 118 ಕೆ.ಜಿ. ಇದ್ದೆ. ಸಕ್ಕರೆ ಕಾಯಿಲೆ ಬಂದಿತ್ತು, ಮೊಣಕಾಲು ಕೈಬಿಟ್ಟಿದ್ದವು. ಆಪರೇಷನ್ ಆದ ಮೇಲೆ ಹದಿನಾಲ್ಕು ತಿಂಗಳಿಗೆ 79ಕ್ಕೆ ಇಳಿದೆ. ಆದರೆ ನನಗೆ ಅದಕ್ಕಿಂತ ಹೆಚ್ಚು ಆಶ್ಚರ್ಯ ತಂದದ್ದು ಹಸಿವು ಇಲ್ಲವಾದದ್ದು. ಊಟದ ಹೊತ್ತನ್ನು ಗಡಿಯಾರ ನೋಡಿ ನೆನಪು ಮಾಡಿಕೊಳ್ಳಬೇಕಿತ್ತು. ಎರಡನೇ ವರ್ಷದಲ್ಲಿ ಒಂದು ದಿನ, ಕ್ಲಾಸಿನಲ್ಲಿ ಬಹಮನಿಗಳ ಬಗ್ಗೆ ಹೇಳುತ್ತಿದ್ದಾಗ, ಅದು ತಿರುಗಿ ಬಂತು. ಉಂಡು ಅರ್ಧ ಗಂಟೆಯೂ ಆಗಿರಲಿಲ್ಲ. ಅಂದಿನಿಂದ ಹೋಗಿಲ್ಲ. ತೂಕ 97ಕ್ಕೆ ಏರಿತು.

ಆಸ್ಪತ್ರೆಗೆ ಮತ್ತೆ ಹೋದೆ. ಎಂಡೋಸ್ಕೋಪಿ ಮಾಡಿದರು, ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು, ಥೈರಾಯ್ಡ್ ನೋಡಿದರು. ಕೊಳವೆ ಹಿಗ್ಗಿಲ್ಲ, ಹೊಲಿಗೆ ಬಿಟ್ಟಿಲ್ಲ, ಎಲ್ಲ ನಾರ್ಮಲ್. "ನಮ್ಮ ಕೆಲಸ ನಾವು ಮಾಡಿದ್ದೇವೆ ಮೇಡಂ, ಇನ್ನು ನಿಮ್ಮ ಕೈಯಲ್ಲಿದೆ" ಅಂದರು. ಮನೆಯಲ್ಲಿ ಅದನ್ನೇ "ಬಾಯಿ ಕಟ್ಟಬೇಕು" ಅಂದರು. ಕನ್ನಡದಲ್ಲಿ ತಿನ್ನುವವರನ್ನು ಬೈಯಲು ಪದಗಳಿಗೆ ಬರವಿಲ್ಲ: ಹೊಟ್ಟೆಬಾಕ, ತಿಂಡಿಪೋತ, ಬಕಾಸುರ. ಹಸಿದವರಿಗೆ ಮಾತ್ರ ಹಸಿದವರು ಎನ್ನುವ ಒಂದೇ ಮಾತು. ಉಂಡ ಮೇಲೂ ಹಸಿದಿರುವವರನ್ನು ಏನೆನ್ನುತ್ತಾರೆ?

ಆ ಪದ ನನಗೆ ಸಿಕ್ಕಿದ್ದು ಶ್ರವಣಬೆಳಗೊಳದಲ್ಲಿ. ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ಎಲ್ಲರೂ ಗೊಮ್ಮಟನ ಬೆಟ್ಟಕ್ಕೆ ಓಡುತ್ತಾರೆ; ನನಗೆ ಎದುರಿನ ಚಂದ್ರಗಿರಿಯೇ ಇಷ್ಟ. ಅಲ್ಲಿಯ ಪಾರ್ಶ್ವನಾಥ ಬಸದಿಯಲ್ಲಿ ಮಲ್ಲಿಷೇಣ ಪ್ರಶಸ್ತಿ ಎಂದು ಹೆಸರಾದ ಶಾಸನವಿದೆ. 1129ರಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಮಲ್ಲಿಷೇಣ ಮಲಧಾರಿದೇವರ ನೆನಪಿಗೆ ಹಾಕಿಸಿದ್ದು. ಅದರಲ್ಲಿ ಹಿಂದಿನ ಆಚಾರ್ಯರ ದೊಡ್ಡ ಸಾಲೇ ಬರುತ್ತದೆ. ಸಮಂತಭದ್ರರ ಪಾಳಿ ಬಂದಾಗ ಕವಿ ಮೊದಲು ಹೊಗಳುವುದು ಅವರ ತರ್ಕವನ್ನಲ್ಲ, ಭಸ್ಮಕವನ್ನು ಭಸ್ಮ ಮಾಡಿದ ಜಾಣ್ಮೆಯನ್ನು. ಪದ್ಮಾವತಿ ದೇವಿ ಕೊಟ್ಟ ಪದವಿ, ಮಂತ್ರದಿಂದ ಚಂದ್ರಪ್ರಭನನ್ನು ಕರೆದದ್ದು ಎಲ್ಲ ಆಮೇಲೆ. ಉಪವಾಸದಿಂದ ತೀರಿಕೊಂಡವರ ನೆನಪಿನ ಕಂಬದಲ್ಲಿ ಹಸಿವಿನ ರೋಗವೊಂದಕ್ಕೆ ಜಾಗ ಸಿಕ್ಕಿದೆ. ಎಷ್ಟೋ ಸಲ ಪಾಠ ಹೇಳಿದ್ದೆ, ಆ ಮಾತಿನ ಮೇಲೆ ಕಣ್ಣು ನಿಂತಿರಲಿಲ್ಲ.

ಭಸ್ಮಕ ಎಂದರೆ ಉಂಡದ್ದನ್ನೆಲ್ಲ ಆ ಕ್ಷಣವೇ ಬೂದಿ ಮಾಡುವ ಜಠರಾಗ್ನಿ. ಸಮಂತಭದ್ರರ ಕತೆ ಪ್ರಭಾಚಂದ್ರನ ಕಥಾಕೋಶದಲ್ಲಿದೆ, ನಮ್ಮ ದೇವಚಂದ್ರ 19ನೇ ಶತಮಾನದಲ್ಲಿ ಬರೆದ ರಾಜಾವಳೀ ಕಥೆಯಲ್ಲೂ ಇದೆ. ಊರಿನ ಹೆಸರು ಒಂದೊಂದು ಕಡೆ ಒಂದೊಂದು. ಕತೆಯ ತಿರುಳು ಒಂದೇ. ದಿಗಂಬರ ಮುನಿ ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣಬೇಕು. ಅಂಥವರಿಗೆ ಈ ರೋಗ ಹತ್ತಿತು. ವ್ರತ ಬಿಡಲಾಗದು, ಹಸಿವು ತಡೆಯಲಾಗದು. ಸಲ್ಲೇಖನ ತೆಗೆದುಕೊಂಡು ಸಾಯುತ್ತೇನೆ, ಅಪ್ಪಣೆ ಕೊಡಿ ಎಂದು ಗುರುವನ್ನು ಕೇಳಿದರು. ಗುರು ಒಪ್ಪಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕೆಲಸ ಇನ್ನೂ ಇದೆ. ಮುನಿವೇಷ ಇಳಿಸು, ಸಿಕ್ಕಲ್ಲಿ ಉಂಡು ರೋಗ ಕಳೆದುಕೊ, ಆಮೇಲೆ ಮತ್ತೆ ದೀಕ್ಷೆ ತೆಗೆದುಕೊ ಎಂದರು. ಸಮಂತಭದ್ರರು ವೇಷ ಬದಲಿಸಿ ಶಿವಕೋಟಿ ರಾಜನ ಶಿವಾಲಯಕ್ಕೆ ಬಂದರು. ನೈವೇದ್ಯವನ್ನು ದೇವರಿಗೇ ಉಣಿಸುತ್ತೇನೆಂದು ಹೇಳಿ, ಬಾಗಿಲು ಮುಚ್ಚಿಕೊಂಡು, ರಾಶಿ ಅನ್ನವನ್ನು ತಾವೇ ಉಂಡರು. ದಿನ ಕಳೆದಂತೆ ರೋಗ ಇಳಿಯಿತು, ನೈವೇದ್ಯ ಮಿಗತೊಡಗಿತು. ಮಿಕ್ಕ ಅನ್ನದಿಂದಲೇ ಗುಟ್ಟು ರಟ್ಟಾಯಿತು.

ಆಮೇಲಿನ ಪವಾಡದ ಭಾಗವನ್ನು ಭಕ್ತರಿಗೆ ಬಿಡುತ್ತೇನೆ. ಇತಿಹಾಸದವಳಾಗಿ ಇದು ನಡೆದದ್ದೇ ಎಂದೂ ನಾನು ಹೇಳಲಾರೆ. ಸಮಂತಭದ್ರರಿಗೂ ಶಾಸನಕ್ಕೂ ನಡುವೆ ಹಲವು ಶತಮಾನಗಳಿವೆ. ಆದರೆ ಮುಚ್ಚಿದ ಬಾಗಿಲ ಹಿಂದೆ, ದೇವರ ಹೆಸರಿನಲ್ಲಿ, ಒಬ್ಬನೇ ಕೂತು ಉಣ್ಣುವ ಆ ಮನುಷ್ಯ ನನಗೆ ಗುರುತು ಸಿಕ್ಕ. ಬಾಗಿಲು ಮುಚ್ಚಿದ್ದು ನಾಚಿಕೆಯಿಂದ. ಆ ನಾಚಿಕೆಯನ್ನು ಗುರು ತಿದ್ದಿದ ರೀತಿಯನ್ನು ಮಾತ್ರ ಎಷ್ಟು ಸಲ ನೆನೆದರೂ ಸಾಲದು. ತ್ಯಾಗವನ್ನೇ ಬದುಕು ಮಾಡಿಕೊಂಡ ಪಂಥದ ಗುರು ಆತ. ಶಿಷ್ಯನ ಮನಸ್ಸು ದುರ್ಬಲ ಎನ್ನಲಿಲ್ಲ, ಇದು ರೋಗ ಎಂದ. ಚರಕ ಸಂಹಿತೆಯೂ ಗ್ರಹಣಿ ಚಿಕಿತ್ಸೆಯ ಅಧ್ಯಾಯದಲ್ಲಿ ಇದನ್ನು ಅತ್ಯಗ್ನಿ ಎಂದು ಕರೆದು, ಉಪವಾಸ ಹೇಳುವ ಬದಲು ಮತ್ತೆ ಮತ್ತೆ ಗಟ್ಟಿ, ಜಿಡ್ಡಿನ, ತಡವಾಗಿ ಜೀರ್ಣವಾಗುವ ಆಹಾರ ಕೊಡಲು ಹೇಳುತ್ತದೆ. ಉಣಿಸದಿದ್ದರೆ ಅಗ್ನಿ ಮೈಯ ಧಾತುಗಳನ್ನೇ ಸುಡುತ್ತದಂತೆ. ಇದನ್ನು ಇವತ್ತಿನ ಮದ್ದು ಎಂದು ಯಾರೂ ತಿಳಿಯಬಾರದು. ಹಸಿವನ್ನು ರೋಗವೆಂದು ಕರೆಯುವ ರೂಢಿ ನಮ್ಮಲ್ಲಿ ಇತ್ತು ಎನ್ನುವಷ್ಟೇ ನನಗೆ ಬೇಕಾದದ್ದು.

ಹಾಗಾದರೆ ಹೊಟ್ಟೆ ಕೊಯ್ಯುವ ವಿದ್ಯೆ ಕಂಡುಹಿಡಿದವರು ಹಸಿವನ್ನು ಏನೆಂದು ತಿಳಿದಿದ್ದರು? ಹುಡುಕುತ್ತ ಹೋದರೆ ಎರಡು ದಾರಿ ಒಂದೇ ಊರಿಗೆ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯಕ್ಕೆ ಬಂದು ನಿಂತವು. ಮೊದಲನೆಯದು 1944ರದು. ಯುದ್ಧದಿಂದ ಹಸಿದ ಯುರೋಪಿಗೆ ಮತ್ತೆ ಉಣಿಸುವುದು ಹೇಗೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಬಂದೂಕು ಹಿಡಿಯಲು ಒಪ್ಪದ 36 ಯುವಕರನ್ನು ಅವರ ಒಪ್ಪಿಗೆಯಿಂದಲೇ ಅರೆಹೊಟ್ಟೆ ಇಟ್ಟ. ಇವರ ವಾಸ ಮತ್ತು ಪ್ರಯೋಗಶಾಲೆ ಇದ್ದದ್ದು ಫುಟ್‌ಬಾಲ್ ಕ್ರೀಡಾಂಗಣದ ಕೆಳಗೆ. 24 ವಾರ ಆಲೂಗಡ್ಡೆ, ಎಲೆಕೋಸು, ಬ್ರೆಡ್ಡು. ತೂಕದಲ್ಲಿ ಸುಮಾರು ಕಾಲು ಭಾಗ ಹೋಯಿತು. ತಟ್ಟೆ ನೆಕ್ಕತೊಡಗಿದರು, ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಸಂಗತಿ. ಊಟ ಬಿಟ್ಟುಕೊಟ್ಟ ಮೇಲೆ ಕೆಲವರು ದಿನಕ್ಕೆ 5,000 ಕ್ಯಾಲರಿಗೂ ಹೆಚ್ಚು ಉಂಡರು. ಹೊಟ್ಟೆ ಬಿರಿದರೂ ಹಸಿವು ಹೋಗಲಿಲ್ಲ ಎಂದರು. ಮೈಯ ಕೊಬ್ಬು ಮೊದಲಿದ್ದುದಕ್ಕಿಂತ ಮೇಲೇರಿತು. 1950ರಲ್ಲಿ ಕೀಸ್ ಇದನ್ನೆಲ್ಲ ಎರಡು ದೊಡ್ಡ ಸಂಪುಟಗಳಲ್ಲಿ ಬರೆದ.

ನಾಲ್ಕೇ ವರ್ಷಕ್ಕೆ, 1954ರಲ್ಲಿ, ಅದೇ ವಿಶ್ವವಿದ್ಯಾಲಯದ ಕ್ರೆಮೆನ್, ಲಿನ್ನರ್, ನೆಲ್ಸನ್ ಎಂಬ ಶಸ್ತ್ರವೈದ್ಯರು ಸಣ್ಣಕರುಳಿನ ಬಹುಭಾಗವನ್ನು ದಾಟಿಸಿ ಜೋಡಿಸುವ ಪ್ರಯೋಗವನ್ನು ಪ್ರಕಟಿಸಿದರು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಚರಿತ್ರೆ ಶುರುವಾಗುವುದು ಇಲ್ಲಿಂದ. ಆ ಸಂಪುಟಗಳನ್ನು ಇವರು ತೆರೆದರೋ ಇಲ್ಲವೋ, ಇವರ ಯೋಚನೆಯಲ್ಲಿ ದೇಹ ಒಂದು ಕೊಳವೆ: ಮೋಟು ಮಾಡಿದರೆ ಕಡಿಮೆ ಹೀರುತ್ತದೆ. ಹೀರುವುದೇನೋ ಕಡಿಮೆಯಾಯಿತು, ಜೊತೆಗೆ ಭೇದಿ, ಮೂತ್ರಪಿಂಡದ ಕಲ್ಲು, ಲಿವರ್ ಕೆಡುವುದೂ ಬಂದವು. ಕೊನೆಗೆ ಅದನ್ನು ಕೈಬಿಟ್ಟರು. 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್, ಹುಣ್ಣಿಗಾಗಿ ಜಠರ ತೆಗೆಸಿಕೊಂಡವರು ಸಣಕಲಾಗಿಯೇ ಉಳಿಯುವುದನ್ನು ಗಮನಿಸಿ, ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದ. ಈಗ ದೇಹ ಚೀಲವಾಯಿತು: ಸಣ್ಣದು ಮಾಡಿದರೆ ಬೇಗ ತುಂಬುತ್ತದೆ.

ಚೀಲ ಮಾತಾಡುತ್ತದೆ ಎಂದು ತಿಳಿಯಲು 1999 ಬರಬೇಕಾಯಿತು. ಜಪಾನಿನ ಮಸಾಯಸು ಕೊಜಿಮಾ, ಕೆಂಜಿ ಕಂಗಾವ ಮತ್ತು ಸಂಗಡಿಗರು ಇಲಿಯ ಜಠರದಲ್ಲಿ ಗ್ರೆಲಿನ್ ಎಂಬ ಹಾರ್ಮೋನು ಕಂಡರು. ಹಸಿವೆಯಾಗಿದೆ ಎಂದು ಮಿದುಳಿಗೆ ಸುದ್ದಿ ಒಯ್ಯುವುದು ಅದು. ಹೆಚ್ಚಾಗಿ ಹುಟ್ಟುವುದು ಜಠರದ ಮೇಲಿನ ಉಬ್ಬಿನಲ್ಲಿ, ಅಂದರೆ ನನಗೆ ಕತ್ತರಿಸಿ ತೆಗೆದ ಭಾಗದಲ್ಲಿಯೇ. ಒಂದು ವರ್ಷ ನನಗೆ ಹಸಿವು ಮರೆತದ್ದು ಇದರಿಂದ ಇರಬಹುದು. ಆದರೆ ಸುದ್ದಿ ಒಯ್ಯುವವರು ಬೇರೆಯವರೂ ಇದ್ದಾರೆ. ಕೊಬ್ಬಿನಿಂದ ಬರುವ ಲೆಪ್ಟಿನ್ 1994ರಲ್ಲೇ ಸಿಕ್ಕಿತ್ತು. ಕೊಬ್ಬು ಕರಗಿದರೆ ಅದು ಇಳಿಯುತ್ತದೆ, ಇಳಿದದ್ದನ್ನು ಮಿದುಳು ಬರಗಾಲವೆಂದೇ ಓದುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪಥ್ಯದಿಂದ ತೂಕ ಇಳಿಸಿಕೊಂಡವರಲ್ಲಿ ವರ್ಷದ ನಂತರವೂ ಹಸಿವಿನ ಹಾರ್ಮೋನುಗಳು ಮೊದಲಿನ ಹದಕ್ಕೆ ಮರಳಿರಲಿಲ್ಲ ಎಂದು ತೋರಿಸಿತು.

ಶಸ್ತ್ರಚಿಕಿತ್ಸೆ ಮೋಸ ಎನ್ನುವವರ ಜೊತೆ ನಾನಿಲ್ಲ. ಸ್ವೀಡನ್ನಿನಲ್ಲಿ 1987ರಿಂದ ಸಾವಿರಾರು ಜನರನ್ನು ಗಮನಿಸುತ್ತ ಬಂದಿದ್ದಾರೆ. ಆಪರೇಷನ್ ಆದವರಲ್ಲಿ ಸಾವು ಕಡಿಮೆ. ನನ್ನ ಸಕ್ಕರೆಯೂ ಇವತ್ತಿಗೂ ಹತೋಟಿಯಲ್ಲಿದೆ. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿದೆ. ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ತೂಕದ ಶೇ. 32ರಷ್ಟು ಕಳೆದುಕೊಂಡಿದ್ದರು, ಹತ್ತು ವರ್ಷಕ್ಕೆ ಉಳಿದದ್ದು ಶೇ. 25. ಅಷ್ಟಿಷ್ಟು ತಿರುಗಿ ಬರುವುದು ಕಾಗದದ ಮೇಲೆ ಇದ್ದ ಸಂಗತಿ. 2018ರಲ್ಲಿ ಸಹಿ ಹಾಕುವಾಗ ನನಗೆ ಅದನ್ನು ಯಾರೂ ಹೇಳಲಿಲ್ಲ. ನಾನು ಕಳೆದುಕೊಂಡ 39 ಕೆ.ಜಿ.ಯಲ್ಲಿ 18 ಮರಳಿದ್ದು ಆ ಸರಾಸರಿಗಿಂತ ಬಹಳ ಹೆಚ್ಚು. ಯಾಕೆ ಎನ್ನುವುದಕ್ಕೆ ಈಗ ತೋರಿಸುತ್ತಿರುವ ವೈದ್ಯೆಯ ಬಳಿಯೂ ಖಚಿತ ಉತ್ತರವಿಲ್ಲ. "ಗೊತ್ತಿಲ್ಲ, ಆದರೆ ನೀವು ಸುಳ್ಳು ಹೇಳುತ್ತಿಲ್ಲ ಅಂತ ಗೊತ್ತು" ಅಂದರು. ಅವರ ಕೋಣೆಯಿಂದ ಹೊರಗೆ ಬಂದು ಬಹಳ ಹೊತ್ತು ಬೆಂಚಿನ ಮೇಲೆ ಕೂತಿದ್ದೆ.

ಹಸಿದವರ ಮಾತಿಗಿಂತ ಲೆಕ್ಕವನ್ನೇ ನಂಬುವುದು ಆಸ್ಪತ್ರೆಗಳಿಗಿಂತ ಹಳೆಯ ಚಾಳಿ. 1877ರ ಬರದಲ್ಲಿ ರಿಚರ್ಡ್ ಟೆಂಪಲ್, ಬರಗಾಲದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ 450 ಗ್ರಾಂ ಕಾಳು ಮತ್ತು ಒಂದು ಆಣೆ ಸಾಕೆಂದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್, ಇದರಲ್ಲಿ ಮೈ ಮುರಿದು ದುಡಿಯುವವನು ಬದುಕಲಾರ ಎಂದು ಜಗಳವಾಡಿದ. ನಮ್ಮ ಬಳ್ಳಾರಿ ಕಡೆಯವರ ಹೊಟ್ಟೆಯ ಮೇಲೆ ನಡೆದ ಜಗಳ ಅದು. ನಮ್ಮೂರು ಆಗ ನಿಜಾಮನದು. ಬರ ಮಾತ್ರ ಗಡಿ ನೋಡಲಿಲ್ಲ.

ಖಜೂರಿಯಲ್ಲಿ ಬರ ಅಂದರೆ ಜನರ ನಾಲಿಗೆಗೆ ಬರುವುದು 1972. ಆಯಿಗೆ ಆಗ ಇಪ್ಪತ್ತೈದರ ಆಸುಪಾಸು. ಖಡಿ ಒಡೆಯಲು ಹೋಗುತ್ತಿದ್ದಳಂತೆ. ಗಡಿಯಾಚೆ ಉಮರ್ಗಾ ಕಡೆಯ ನೆಂಟರ ಮನೆಯಲ್ಲಿ ಅಮೆರಿಕದ ಕೆಂಪು ಜೋಳದ ರೊಟ್ಟಿ ತಿಂದದ್ದನ್ನು ಈಗಲೂ ಮುಖ ಸಿಂಡರಿಸಿ ಹೇಳುತ್ತಾಳೆ. ಕಳೆದ ಬೇಸಿಗೆಯಲ್ಲಿ ಮಿನೆಸೋಟಾದ ಹುಡುಗರ ಕತೆಯನ್ನು ಅವಳಿಗೆ ಹೇಳಿದೆ. ತೊಗರಿಬೇಳೆ ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನಮಗೂ ಹಂಗೇ ಆಗಿತ್ತು. ಮರುವರ್ಷ ಜ್ವಾಳ ಬಂದ್ವು. ಉಂಡೀವಿ ಉಂಡೀವಿ, ಹೊಟ್ಟಿ ತುಂಬಿದ್ರೂ ಹಸಿವಿ ಹೋಗವಲ್ದು. ನಿಮ್ಮ ಮುತ್ಯಾ ರಾತ್ರಿ ಎದ್ದು ಬುಟ್ಟ್ಯಾಗ ಕೈ ಹಾಕತಿದ್ದ, ಕಳ್ಳನಂಗ."

"ನೀ ಬೈತಿದ್ದೇನು?"

"ಯಾಕ ಬೈಲಿ? ನನಗೂ ಒಂದು ಕೊಡು ಅಂತಿದ್ದೆ."

ಆ ರಾತ್ರಿ ಎರಡರ ಸುಮಾರಿಗೆ ಎದ್ದೆ. ಬುಟ್ಟಿಯ ಪಕ್ಕದಲ್ಲಿ ತಟ್ಟೆ ಮುಚ್ಚಿಟ್ಟಿತ್ತು: ಎರಡು ಮೆತ್ತನೆಯ ರೊಟ್ಟಿ, ಸದ್ದು ಮಾಡದಂಥವು, ಮೇಲೆ ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು. ಪಡಸಾಲೆಯಿಂದ ಆಯಿ ಕೇಳಿದಳು.

"ಹಸಿವಿ ಆಗ್ಯಾದೇನು?"

"ಆಗ್ಯಾದ, ಆಯಿ."

"ದೀಪಾ ಹಚ್ಕೊ ಮತ್ತ. ಕತ್ತಲ್ದಾಗ ಯಾಕ ಉಣ್ತಿ?"