ಎಪಿಜೆನೆಟಿಕ್ ವಯಸ್ಸು ಮತ್ತು ಸ್ತನ ಕ್ಯಾನ್ಸರ್

ಎಪಿಜೆನೆಟಿಕ್ ವಯಸ್ಸು ಎಂದರೆ ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ಅಳೆದು ಅಂದಾಜಿಸುವ ದೇಹದ ಜೈವಿಕ ವಯಸ್ಸು. ಹುಟ್ಟಿದ ದಿನಾಂಕದಿಂದ ಲೆಕ್ಕ ಹಾಕಿದ ವಯಸ್ಸಿಗಿಂತ ಇದು ಮುಂದಿದ್ದರೆ ಅದನ್ನು ವೇಗವರ್ಧಿತ ವಯೋವೃದ್ಧಿ ಎನ್ನುತ್ತಾರೆ. ರಕ್ತದಲ್ಲಿ ಇಂತಹ ವೇಗವರ್ಧನೆ ಕಂಡುಬಂದ ಮಹಿಳೆಯರಿಗೆ ಮುಂದೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸ್ವಲ್ಪ ಹೆಚ್ಚೆಂದು ಕೆಲವು ಅಧ್ಯಯನಗಳು ತೋರಿಸಿವೆ. ಆದರೆ ಇದು ರೋಗವನ್ನು ಪತ್ತೆ ಮಾಡುವ ಪರೀಕ್ಷೆಯಲ್ಲ.

ಮೀಥೈಲೀಕರಣ ಮತ್ತು ಗಡಿಯಾರಗಳು

ಜೀವಕೋಶಗಳಲ್ಲಿರುವ ಡಿಎನ್‌ಎಯ ಅಕ್ಷರಕ್ರಮ ಜೀವಮಾನವಿಡೀ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಆ ಕ್ರಮದ ಕೆಲವು ನಿರ್ದಿಷ್ಟ ಸ್ಥಾನಗಳಿಗೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿಕೊಳ್ಳುವುದನ್ನು ಮೀಥೈಲೀಕರಣ ಎನ್ನುತ್ತಾರೆ. ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನಿಯಂತ್ರಿಸುವಲ್ಲಿ ಇದರ ಪಾತ್ರವಿದೆ. ವಯಸ್ಸಾದಂತೆ ಈ ಗುರುತುಗಳು ಕೆಲವೆಡೆ ಹೆಚ್ಚುತ್ತವೆ, ಕೆಲವೆಡೆ ಕಡಿಮೆಯಾಗುತ್ತವೆ. ಧೂಮಪಾನ, ಬೊಜ್ಜು ಮುಂತಾದವುಗಳೂ ಇವುಗಳ ಮೇಲೆ ಪರಿಣಾಮ ಬೀರುತ್ತವೆ.

ಅಮೆರಿಕದ ವಿಜ್ಞಾನಿ ಸ್ಟೀವ್ ಹೋರ್ವಾತ್ 2013ರಲ್ಲಿ ಇಂತಹ 353 ಸ್ಥಾನಗಳನ್ನು ಆಧರಿಸಿ, ದೇಹದ ಬಹುತೇಕ ಎಲ್ಲ ಅಂಗಾಂಶಗಳಿಗೂ ಅನ್ವಯಿಸುವ ಎಪಿಜೆನೆಟಿಕ್ ಗಡಿಯಾರವನ್ನು ಪ್ರಕಟಿಸಿದರು. ಅದೇ ವರ್ಷ ಗ್ರೆಗರಿ ಹನ್ನಮ್ ಮತ್ತು ಸಂಗಡಿಗರು ರಕ್ತದ 71 ಸ್ಥಾನಗಳ ಗಡಿಯಾರವನ್ನು ರೂಪಿಸಿದರು. 2018ರಲ್ಲಿ ಬಂದ ಫಿನೋಏಜ್ ಗಡಿಯಾರಕ್ಕೆ 513 ಸ್ಥಾನಗಳು ಆಧಾರ. ಹೋರ್ವಾತ್ ಅವರ ಅಳತೆಯಲ್ಲಿ ಗಮನ ಸೆಳೆದ ಸಂಗತಿಯೆಂದರೆ ಸ್ತನದ ಅಂಗಾಂಶ ಅದೇ ಮಹಿಳೆಯ ಇತರ ಅಂಗಾಂಶಗಳಿಗಿಂತ ವಯಸ್ಸಾದಂತೆ ತೋರುವುದು. ಹಾರ್ಮೋನುಗಳ ದೀರ್ಘಕಾಲದ ಪ್ರಭಾವ ಇದಕ್ಕೆ ಕಾರಣವಿರಬಹುದೆಂಬುದು ಒಂದು ಊಹೆ.

ಸಿಸ್ಟರ್ ಸ್ಟಡಿಯ ಫಲಿತಾಂಶ

ಸ್ತನ ಕ್ಯಾನ್ಸರ್ ಬಂದ ಮಹಿಳೆಯರ ಐವತ್ತು ಸಾವಿರಕ್ಕೂ ಹೆಚ್ಚು ಸಹೋದರಿಯರನ್ನು ಅಮೆರಿಕದ ಸಿಸ್ಟರ್ ಸ್ಟಡಿ 2003ರಿಂದ 2009ರವರೆಗೆ ನೋಂದಾಯಿಸಿಕೊಂಡಿತು. ನೋಂದಣಿಯ ಹೊತ್ತಿಗೆ ಅವರಿಗೆ ಆ ರೋಗವಿರಲಿಲ್ಲ. ಆಗ ಸಂಗ್ರಹಿಸಿದ 2,764 ಮಹಿಳೆಯರ ರಕ್ತದ ಮಾದರಿಗಳನ್ನು ಜೇಕಬ್ ಕ್ರೆಸೊವಿಚ್ ಮತ್ತು ಸಂಗಡಿಗರು ವಿಶ್ಲೇಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಫಿನೋಏಜ್ ಪ್ರಕಾರ ವಯಸ್ಸು ಐದು ವರ್ಷ ಮುಂದಿದ್ದರೆ ಅಪಾಯ ಸುಮಾರು 15% ಹೆಚ್ಚಿತ್ತು. ಉಳಿದೆರಡು ಗಡಿಯಾರಗಳಲ್ಲಿ ಈ ಏರಿಕೆ ಇನ್ನೂ ಕಡಿಮೆ.

ಈ 15% ಎಂಬುದನ್ನು ತಪ್ಪಾಗಿ ಓದುವವರೇ ಹೆಚ್ಚು. ಸಾವಿರ ಮಹಿಳೆಯರಲ್ಲಿ 20 ಮಂದಿಗೆ ರೋಗ ಬರುವುದೆಂದು ಉದಾಹರಣೆಗಾಗಿ ಇಟ್ಟುಕೊಂಡರೆ, 15% ಏರಿಕೆಯೆಂದರೆ ಆ ಸಂಖ್ಯೆ 23 ಆಗುತ್ತದೆ ಎಂದಷ್ಟೇ ಅರ್ಥ. ನೂರಕ್ಕೆ ಹದಿನೈದು ಮಂದಿಗೆ ರೋಗ ಬರುತ್ತದೆ ಎಂದಲ್ಲ.

ಗಡಿಯಾರಗಳ ನಡೆ ಎಲ್ಲೆಡೆಯೂ ಸರಳವಾಗಿಲ್ಲ. ಬೇಗ ಋತುಬಂಧವಾದ ಮಹಿಳೆಯರ ರಕ್ತ ಹೆಚ್ಚು ವಯಸ್ಸಾದಂತೆ ತೋರುತ್ತದೆಂದು 2016ರ ಅಧ್ಯಯನವೊಂದು ಕಂಡುಕೊಂಡಿತು. ಸ್ತನ ಕ್ಯಾನ್ಸರಿನ ಅಪಾಯವಾದರೋ ಋತುಬಂಧ ತಡವಾದವರಲ್ಲಿಯೇ ಹೆಚ್ಚು. ಆದ್ದರಿಂದ ಗಡಿಯಾರ ಮುಂದಿರುವುದೇ ರೋಗಕ್ಕೆ ಕಾರಣವೆಂದು ಹೇಳಲಾಗದು. ದೇಹದಲ್ಲಿ ನಡೆಯುತ್ತಿರುವ ಬೇರೆ ಬದಲಾವಣೆಗಳ ಸೂಚಕ ಮಾತ್ರವೂ ಅದಾಗಿರಬಹುದು.

ಭಾರತ ಮತ್ತು ಕರ್ನಾಟಕ

ಮೇಲೆ ಹೇಳಿದ 2,764 ಮಹಿಳೆಯರೆಲ್ಲರೂ ಬಿಳಿಯ ಜನಾಂಗದವರು. ಆ ಅಂಕಿಗಳನ್ನು ಕನ್ನಡ ನಾಡಿನ ಮಹಿಳೆಯರಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ. ಭಾರತದಲ್ಲಿ ಸ್ತನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಸರಾಸರಿ ಹತ್ತು ವರ್ಷದಷ್ಟು ಮೊದಲೇ ಕಾಣಿಸಿಕೊಳ್ಳುತ್ತದೆ. ಜನಸಂಖ್ಯೆಯಲ್ಲಿ ಕಿರಿಯರ ಪಾಲು ದೊಡ್ಡದಿರುವುದೂ ಇದಕ್ಕೆ ಭಾಗಶಃ ಕಾರಣ. ಗ್ಲೋಬೋಕಾನ್ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳೂ 98 ಸಾವಿರ ಸಾವುಗಳೂ ಸಂಭವಿಸಿದವು. ಕರ್ನಾಟಕದಲ್ಲಿ ಇಂತಹ ಲೆಕ್ಕಕ್ಕೆ ಹಳೆಯ ಆಧಾರವೆಂದರೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿ. ಅದು ನಗರದ ಚಿತ್ರ, ಇಡೀ ರಾಜ್ಯದ್ದಲ್ಲ.

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರ ಕಾಡಿನಂಚಿನ ಮದ್ದೂರಿನಂತಹ ಊರುಗಳಿಂದ ಮೈಸೂರಿನ ದೊಡ್ಡ ಆಸ್ಪತ್ರೆಗಳು ಅರವತ್ತು ಕಿ.ಮೀ.ಗೂ ಹೆಚ್ಚು ದೂರ, ಬೆಂಗಳೂರು ಇನ್ನೂ ದೂರ. ಇಲ್ಲಿ ಪ್ರಾಯೋಗಿಕವಾಗಿ ಒದಗಬಲ್ಲದ್ದು ಕೈಯಿಂದ ಮಾಡುವ ಸ್ತನ ತಪಾಸಣೆ. 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕೆಂದು ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಯಾರಿಗೆ ತಪಾಸಣೆ ಬೇಕೆಂದು ಗುರುತಿಸುವ ಮೊದಲ ಕೆಲಸ ಆಶಾ ಕಾರ್ಯಕರ್ತೆಯರದು.

ಈ ಸರಳ ವಿಧಾನವನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1998ರಿಂದ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ಪರೀಕ್ಷಿಸಿತು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡಿದ ಗುಂಪಿನಲ್ಲಿ ರೋಗ ಇನ್ನೂ ಮುಂಚಿನ ಹಂತದಲ್ಲೇ ಪತ್ತೆಯಾಯಿತು. 50 ವರ್ಷ ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವುಗಳು ಸುಮಾರು 30% ಕಡಿಮೆಯಾದವು. 50ಕ್ಕಿಂತ ಕಿರಿಯರಲ್ಲಿ ಅಂತಹ ಇಳಿಕೆ ಕಂಡುಬರಲಿಲ್ಲ.

ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು, ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಒಸರುವುದು, ಚರ್ಮ ಕಿತ್ತಳೆ ಸಿಪ್ಪೆಯಂತೆ ಆಗುವುದು, ಇವುಗಳಲ್ಲಿ ಯಾವುದು ಕಂಡರೂ ಯಾವ ವಯಸ್ಸಿನಲ್ಲೇ ಆಗಲಿ ವೈದ್ಯರ ತಪಾಸಣೆ ಅಗತ್ಯ.