ದಂಡ, ಬಡ್ಡಿ, ಶುಲ್ಕ: ತಡವಾದ ರಿಟರ್ನಿನ ಕಥೆ

ಜುಲೈ ಬಂತೆಂದರೆ ನಮ್ಮ ಮನೆಗೆ ಊರಿನವರು ಬರುವುದು ಜಾಸ್ತಿಯಾಗುತ್ತದೆ. ಪತ್ರೊಡೆ ತಿನ್ನಲು ಅಂದುಕೊಳ್ಳಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಫಾರ್ಮ್ 16, ಪಾಸ್‌ಬುಕ್ಕು, ಎಲ್‌ಐಸಿ ರಸೀದಿ. "ಬ್ಯಾಂಕಿನವರಲ್ಲವಾ, ನಿಮಗೆ ಎರಡು ನಿಮಿಷದ ಕೆಲಸ" ಎನ್ನುತ್ತಾರೆ. ಬಿ.ಕಾಂ. ಓದಿದ್ದಕ್ಕೆ ಇಷ್ಟಾದರೂ ಅನುಭವಿಸಬೇಕಲ್ಲ!

2025ರಲ್ಲಿ ಒಬ್ಬ ಹುಡುಗ ಬಂದದ್ದು ಮಾತ್ರ ಅಕ್ಟೋಬರಿನಲ್ಲಿ. ಆ ವರ್ಷ ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿ, ಕೊನೆಗೆ ಇನ್ನೂ ಒಂದು ದಿನ ಸೇರಿಸಿದ್ದರು. ಅವನು ಅದನ್ನೂ ತಪ್ಪಿಸಿಕೊಂಡಿದ್ದ. ತಾಯಿಗೆ ಹುಷಾರಿಲ್ಲದೆ ಎರಡು ತಿಂಗಳು ಬೈಂದೂರು, ಮಣಿಪಾಲ ಎಂದು ಓಡಾಡಿದ್ದನಂತೆ. ಸಂಬಳದಿಂದ ತೆರಿಗೆ ಪೂರ್ತಿ ಕಡಿತವಾಗಿತ್ತು, ಒಂದು ಪೈಸೆ ಬಾಕಿ ಇರಲಿಲ್ಲ. ಆದರೂ ಕಂಪ್ಯೂಟರ್ 5,000 ರೂಪಾಯಿ ಕೇಳಿತು. ಹುಡುಗ ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿ ಕೇಳಿದ, "ಅಂಕಲ್, ಯಾಕೆ ತಡವಾಯಿತು ಅಂತ ಬರೆಯುವ ಜಾಗ ಎಲ್ಲಿದೆ?"

ಅಂಥ ಜಾಗ ಇಲ್ಲ. ಆದರೆ ಒಂದು ಕಾಲದಲ್ಲಿ ಇತ್ತು. ಅದಕ್ಕೇ ಈ ಕಥೆ ಬರೆಯಲು ಕೂತೆ.

ನಮ್ಮಲ್ಲಿ ಆದಾಯ ತೆರಿಗೆ ತಂದವನು ಜೇಮ್ಸ್ ವಿಲ್ಸನ್. 1857ರ ದಂಗೆಯಿಂದ ಬರಿದಾದ ಬೊಕ್ಕಸ ತುಂಬಲು ಲಂಡನ್ನಿನಿಂದ ಕಳಿಸಿದ ಮನುಷ್ಯ. ದಿ ಎಕನಾಮಿಸ್ಟ್ ಪತ್ರಿಕೆ ಶುರುಮಾಡಿದವನೂ ಇವನೇ, ಚಾರ್ಟರ್ಡ್ ಬ್ಯಾಂಕ್ ಕಟ್ಟಿದವನೂ ಇವನೇ (ಅಂದರೆ ನಮ್ಮ ಜಾತಿಯವನೇ, ಬ್ಯಾಂಕಿನವನು!). 1860ರ ಜುಲೈ 24ರಂದು ಕಾಯ್ದೆ ಜಾರಿಗೆ ಬಂತು. ವರ್ಷಕ್ಕೆ 200 ರೂಪಾಯಿಯಿಂದ 500ರೊಳಗೆ ಆದಾಯವಿದ್ದವರಿಗೆ ನೂರಕ್ಕೆ ಎರಡು, ಅದಕ್ಕಿಂತ ಮೇಲಿನವರಿಗೆ ನಾಲ್ಕು. ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಇದು ಸರಿಯಲ್ಲ ಎಂದು ಬಹಿರಂಗವಾಗಿಯೇ ವಿರೋಧಿಸಿದ; ಅದಕ್ಕಾಗಿ ಅವನನ್ನು ವಾಪಸು ಕರೆಸಿಕೊಂಡರು. ಆಗ ನಮ್ಮ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಹಾಗಾಗಿ ಅವನು ನಮ್ಮವರ ಪರವಾಗಿಯೂ ಮಾತಾಡಿದ ಹಾಗಾಯಿತು. ವಿಲ್ಸನ್ ಆ ಆಗಸ್ಟಿನಲ್ಲೇ ಕಲ್ಕತ್ತಾದಲ್ಲಿ ತೀರಿಕೊಂಡ. ತೆರಿಗೆ 1865ರಲ್ಲಿ ನಿಂತಿತು, ಮತ್ತೆ ಬಂತು, ಹೋಯಿತು, 1886ರಲ್ಲಿ ಬಂದದ್ದು ಹೋಗಲೇ ಇಲ್ಲ.

ದಂಡದ ವಿಷಯಕ್ಕೆ ಬರೋಣ. 1922ರ ಕಾಯ್ದೆಯಲ್ಲಿ ರಿಟರ್ನ್ ಕೊಡದವರಿಗೆ ತೆರಿಗೆಯ ಒಂದೂವರೆ ಪಟ್ಟಿನವರೆಗೂ ದಂಡ ಹಾಕಬಹುದಿತ್ತು. ಭಯಂಕರ ಮೊತ್ತ. ಆದರೆ ಆ ಸೆಕ್ಷನ್ನಿನಲ್ಲೇ ಇನ್ನೊಂದು ಮಾತಿತ್ತು: ಸಕಾರಣವಿಲ್ಲದೆ ತಪ್ಪಿದ್ದರೆ ಮಾತ್ರ. ಎದುರಿನವನಿಗೆ ಹೇಳಿಕೊಳ್ಳಲು ಅವಕಾಶ ಕೊಡದೆ ದಂಡ ಹಾಕುವಂತೆಯೂ ಇರಲಿಲ್ಲ. 1961ರ ಕಾಯ್ದೆ ಲೆಕ್ಕವನ್ನು ಬದಲಿಸಿತು. ತಡವಾದ ಪ್ರತಿ ತಿಂಗಳಿಗೆ ತೆರಿಗೆಯ ಶೇಕಡಾ 2, ಹೆಚ್ಚೆಂದರೆ ಶೇಕಡಾ 50. ಕಾರಣ ಕೇಳುವ ಪದ್ಧತಿ ಮಾತ್ರ ಉಳಿಯಿತು. 1969ರಲ್ಲಿ ಹಿಂದೂಸ್ತಾನ್ ಸ್ಟೀಲ್ ಮೊಕದ್ದಮೆಯಲ್ಲಿ (ಅದು ಒರಿಸ್ಸಾದ ಮಾರಾಟ ತೆರಿಗೆಯ ಜಗಳ) ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು, ದಂಡ ಹಾಕಲು ಅಧಿಕಾರವಿದೆ ಎಂದ ಮಾತ್ರಕ್ಕೆ ಹಾಕಬಾರದು, ಬೇಕೆಂದೇ ಕಾನೂನು ಮೀರಿದ್ದಾನೆಯೇ ನೋಡಬೇಕು ಎಂದು.

1989ರ ಏಪ್ರಿಲ್‌ನಿಂದ ತಿಂಗಳಿಗೆ ಎರಡು ಪರ್ಸೆಂಟಿನ ಆ ದಂಡ ಹೋಗಿ 234ಎ ಎಂಬ ಬಡ್ಡಿ ಬಂತು. ಶುರುವಿನಲ್ಲಿ ಅದೂ ತಿಂಗಳಿಗೆ 2 ಪರ್ಸೆಂಟು, 2003ರಿಂದ 1 ಪರ್ಸೆಂಟು. ಹೆಸರು ಬದಲಾಯಿತು ಅಷ್ಟೇ ಅಂತ ಆಗ ಅಂದುಕೊಂಡಿದ್ದೆವು. ಬ್ಯಾಂಕಿನಲ್ಲಿ ಕೂತವನಿಗೆ ವ್ಯತ್ಯಾಸ ಗೊತ್ತಾಗಬೇಕಿತ್ತು. ಬಡ್ಡಿ ಕಾರಣ ಕೇಳುವುದಿಲ್ಲ, ಕ್ಯಾಲ್ಕುಲೇಟರ್ ಸಾಕು. 2001ರಲ್ಲಿ ಸುಪ್ರೀಂ ಕೋರ್ಟೂ ಈ ಬಡ್ಡಿ ಕಡ್ಡಾಯ ಎಂದಿತು.

ಆದರೂ ಬಾಕಿ ತೆರಿಗೆ ಇಲ್ಲದವನಿಗೆ ಬಡ್ಡಿಯೂ ಇಲ್ಲವಲ್ಲ. ಅಂಥವರನ್ನು ಹಿಡಿಯಲು 1997ರಲ್ಲಿ 271ಎಫ್ ಬಂತು, 1,000 ರೂಪಾಯಿ ದಂಡ. ಅದೇ ವರ್ಷ ಇನ್ನೊಂದು ಯೋಜನೆ. ಮನೆ, ವಾಹನ, ಟೆಲಿಫೋನ್, ವಿದೇಶ ಪ್ರಯಾಣ, ಇವುಗಳಲ್ಲಿ ಎರಡು ಇದ್ದರೆ ಆದಾಯ ಎಷ್ಟೇ ಕಡಿಮೆ ಇರಲಿ ರಿಟರ್ನ್ ಕೊಡಬೇಕು. ಮರುವರ್ಷ ಕ್ರೆಡಿಟ್ ಕಾರ್ಡು, ಕ್ಲಬ್ಬು ಸೇರಿಸಿ ಆರರಲ್ಲಿ ಒಂದಿದ್ದರೂ ಸಾಕು ಎಂದರು. ಆ ಕಾಲದವರಿಗೆ 'ಒನ್ ಬೈ ಸಿಕ್ಸ್' ಎಂದರೆ ನೆನಪಾದೀತು. ಇದರಡಿ ತಪ್ಪಿದವರಿಗೆ ದಂಡ 500.

ನನ್ನ ಹೆಂಡತಿಯ ಸೋದರಮಾವ ಆಗ ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲದಲ್ಲಿ ಕೂರುತ್ತಿದ್ದರು. ವಾಸ ಭಾಂಡುಪಿನ ಚಾಳಿನಲ್ಲಿ. ವರ್ಷಗಟ್ಟಲೆ ಕಾದು ಎಮ್‌ಟಿಎನ್‌ಎಲ್ ಫೋನು ಹಾಕಿಸಿದ್ದರು. ಹೆಸರಿಗೆ ಅವರದು, ಇಡೀ ಚಾಳಿಗೆ ಅದೇ ಪಿ.ಪಿ. ನಂಬರು. ಊರಿನಿಂದ ಯಾರಿಗೆ ಫೋನು ಬಂದರೂ ಮಾಮಿ ಹೊರಗೆ ಬಂದು ಕೂಗಬೇಕು. ಮಾಮನ ಆದಾಯ 50,000ದ ಮಿತಿಯೊಳಗೇ ಇತ್ತು. ಆದರೂ ಆ ಫೋನು ಅವರನ್ನು ಸರ್ಕಾರದ ಕಣ್ಣಿಗೆ ಬೀಳಿಸಿತು. 1999ರಲ್ಲಿ ನಾನೇ 'ಸರಳ್' ಫಾರ್ಮ್ ತುಂಬಿ ಕೊಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವರ ತಾಯಿ ತೀರಿಕೊಂಡರು. ಮಾಮ ಮತ್ಸ್ಯಗಂಧ ಹತ್ತಿ ಕುಂದಾಪುರಕ್ಕೆ ಹೋದರು. ವಾಪಸು ಬರುವಾಗ ಗಡುವು ದಾಟಿತ್ತು.

ನೋಟೀಸು ಬಂದಾಗ ಇಬ್ಬರೂ ಹೋದೆವು. ಮಾಮನ ಕೈಯಲ್ಲಿ ತಾಯಿಯ ಉತ್ತರಕ್ರಿಯೆಯ ಕಾರ್ಡು. ಅಧಿಕಾರಿ ಮರಾಠಿಯವರು. ಕಾರ್ಡಿನಲ್ಲಿ ಕನ್ನಡ ಬಾರದಿದ್ದರೂ ಅಂಕಿಯಲ್ಲಿದ್ದ ತಾರೀಕು ಓದಿದರು. "ಆಯಿ?" ಎಂದು ಕೇಳಿದರು. ಮಾಮ ತಲೆಯಾಡಿಸಿದರು. ಕಾರ್ಡಿನ ಝೆರಾಕ್ಸ್ ಫೈಲಿಗೆ ಹಾಕಿ, ದಂಡ ಬಿಟ್ಟುಬಿಟ್ಟರು. 500 ರೂಪಾಯಿ ಉಳಿದದ್ದಕ್ಕಿಂತ, ದೊಡ್ಡ ಕಚೇರಿಯಲ್ಲಿ ಒಬ್ಬರು ಕೇಳಿದರಲ್ಲ ಎಂಬುದನ್ನೇ ಮಾಮ ಎಷ್ಟೋ ವರ್ಷ ಹೇಳುತ್ತಿದ್ದರು. (ಎಲ್ಲ ಅಧಿಕಾರಿಗಳೂ ಹಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಕಾರಣ ಕೇಳುವ ಕುರ್ಚಿಯಲ್ಲಿ ಕೂತವರು ಬೇರೆ ಏನನ್ನೂ ಕೇಳಬಹುದು, ಅದೂ ಗೊತ್ತು.)

ಒನ್ ಬೈ ಸಿಕ್ಸ್ 2006ರಲ್ಲಿ ರದ್ದಾಯಿತು. ದಂಡ 5,000ಕ್ಕೆ ಏರಿತ್ತಾದರೂ ನಂತರದ ವರ್ಷಗಳಲ್ಲಿ ಮುಂದಿನ ಮಾರ್ಚ್ 31ರೊಳಗೆ ಕೊಟ್ಟರೆ ಅದು ತಟ್ಟುತ್ತಿರಲಿಲ್ಲ. ತೆರಿಗೆ ಕಡಿತವಾದ ಸಂಬಳದವರಿಗೆ ಜುಲೈ 31 ಎಂಬುದು ಹೆಸರಿಗೆ ಮಾತ್ರ. ಆಮೇಲೆ ಇ-ಫೈಲಿಂಗ್ ಬಂತು. ದೇಶದವರೆಲ್ಲ ಐಟಿಆರ್-ವಿ ಎಂಬ ಹಾಳೆಗೆ ಸಹಿ ಮಾಡಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಭಾಂಡುಪಿನ ಮಾಮನ ಮಗನ ಹಾಳೆಯೂ ಕರ್ನಾಟಕಕ್ಕೇ ಹೋಗುತ್ತಿತ್ತು! ಆದರೆ ಅಲ್ಲಿ ಹೋಗಿ ಕಾರ್ಡು ತೋರಿಸಲು ಎದುರಿಗೆ ಯಾರೂ ಇಲ್ಲ.

2017ರ ಬಜೆಟ್ಟಿನಲ್ಲಿ ಬಂದದ್ದು 234ಎಫ್. ಈಗ ದಂಡವೂ ಅಲ್ಲ, ಬಡ್ಡಿಯೂ ಅಲ್ಲ, 'ಶುಲ್ಕ'. ಡಿಸೆಂಬರ್ 31ರೊಳಗೆ 5,000, ಆಮೇಲೆ 10,000, ಐದು ಲಕ್ಷದೊಳಗಿನ ಆದಾಯಕ್ಕೆ 1,000. 2021ರಲ್ಲಿ ಕೊನೆಯ ಗಡುವನ್ನೇ ಡಿಸೆಂಬರಿಗೆ ತಂದದ್ದರಿಂದ 10,000ದ ಮಾತು ಹೋಯಿತು. ಈ 'ಶುಲ್ಕ' ಎಂಬ ಶಬ್ದ ಸುಮ್ಮನೆ ಬಂದದ್ದಲ್ಲ. ಟಿಡಿಎಸ್ ಪಟ್ಟಿ ತಡವಾದರೆ ದಿನಕ್ಕೆ 200 ರೂಪಾಯಿ ಎಂಬ ಇಂಥದೇ ಇನ್ನೊಂದು ಶುಲ್ಕವನ್ನು ಪ್ರಶ್ನಿಸಿ ಕೆಲವರು ನಮ್ಮ ಬಾಂಬೆ ಹೈಕೋರ್ಟಿಗೆ ಹೋಗಿದ್ದರು. ಇದು ಶಿಕ್ಷೆಯಲ್ಲ, ತಡವಾದದ್ದರಿಂದ ಇಲಾಖೆಗೆ ಬೀಳುವ ಹೆಚ್ಚಿನ ಕೆಲಸಕ್ಕೆ ತೆಗೆದುಕೊಳ್ಳುವ ಹಣ ಎಂದು 2015ರಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು. ಶಿಕ್ಷೆಯಾದರೆ ಕಾರಣ ಕೇಳಬೇಕು. ಶುಲ್ಕಕ್ಕೆ ಏನು ಕೇಳುವುದು? ರೈಲ್ವೆ ಟಿಕೇಟಿಗೆ ಯಾರಾದರೂ ಕಾರಣ ಹೇಳುತ್ತಾರೆಯೇ?

ಜೈಲಿನ ಸೆಕ್ಷನ್ನೂ ಇತ್ತು, ಅದರ ಕಥೆ ದೊಡ್ಡವರದು. ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ತೊಂಬತ್ತರ ದಶಕದ ರಿಟರ್ನ್ ಕೊಡಲಿಲ್ಲವೆಂಬ ಮೊಕದ್ದಮೆಯಲ್ಲಿ ವಿಚಾರಣೆ ನಡೆಯಲಿ ಎಂದು 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಕೊನೆಗೆ ಇಲಾಖೆಯೊಂದಿಗೆ ರಾಜಿಯಾಗಿ ಹಣ ಕಟ್ಟಿ 2015ರಲ್ಲಿ ಮುಗಿಯಿತು. ಅಲ್ಲಿ ವಕೀಲರಿದ್ದರು, ವಾದವಿತ್ತು, ವರ್ಷಗಳಿದ್ದವು. 5,000ದವನಿಗೆ ಅದೆಲ್ಲ ಎಲ್ಲಿ? 1961ರ ಕಾಯ್ದೆಯ ಜಾಗಕ್ಕೆ ಪಾರ್ಲಿಮೆಂಟು 2025ರಲ್ಲಿ ಹೊಸದನ್ನು ಪಾಸು ಮಾಡಿತು, ಜಾರಿಯ ದಿನ 2026ರ ಏಪ್ರಿಲ್ 1. ಸೆಕ್ಷನ್ ನಂಬರುಗಳೆಲ್ಲ ಹೊಸವು, ಶುಲ್ಕ ಅದೇ.

ಇದನ್ನೆಲ್ಲ ಆ ಹುಡುಗನಿಗೆ ಅರ್ಧ ಹೇಳುವಷ್ಟರಲ್ಲಿ ಅವನು ನೆಟ್‌ಬ್ಯಾಂಕಿಂಗಿನಲ್ಲಿ ಹಣ ಕಟ್ಟಿ, ಒಟಿಪಿ ಒತ್ತಿ ಮುಗಿಸಿದ್ದ. ನಿಜವಾಗಿಯೂ ಎರಡೇ ನಿಮಿಷ. "ಅಮ್ಮ ಹೇಗಿದ್ದಾರೆ?" ಎಂದು ಕೇಳಿದೆ. ಈಗ ಪರವಾಗಿಲ್ಲ, ನಡೆದಾಡುತ್ತಾರೆ ಎಂದ. ಮುಂದಿನ ವರ್ಷ ಜುಲೈ ಮೊದಲ ವಾರವೇ ಬಾ, ಪತ್ರೊಡೆಯೂ ಇರುತ್ತದೆ ಎಂದು ಹೇಳಿ ಕಳಿಸಿದೆ.