ನಾಲ್ಕು ಭಾನುವಾರಗಳ ಲೆಕ್ಕ

ಹಾಲಿನವನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಗೀಟು ಹಾಕಿ ಇಡುತ್ತಿದ್ದವಳು ನಮ್ಮ ಚಿಕ್ಕಮ್ಮ. ದಾವಣಗೆರೆಯ ಬಟ್ಟೆ ಮಿಲ್ಲೊಂದರಲ್ಲಿ 20 ವರ್ಷ ನೂಲು ಸುತ್ತಿ, 1994ರಲ್ಲಿ ನಿವೃತ್ತಳಾದಳು. ಕೊನೆಯ ಸಂಬಳ ತಿಂಗಳಿಗೆ 2,600 ರೂಪಾಯಿ. ಗ್ರಾಚ್ಯುಟಿ 26,000 ಎಂದು ಗುಮಾಸ್ತರು ಚೀಟಿ ಕೊಟ್ಟರು. ವರ್ಷಕ್ಕೆ ಹದಿನೈದು ದಿನದ ಸಂಬಳ, ಅಂದರೆ ಅರ್ಧ ತಿಂಗಳದ್ದು. 1,300ನ್ನು 20ರಿಂದ ಗುಣಿಸಿದ್ದರು. ನನಗೂ ಸರಿಯೆನಿಸಿತು. ಚಿಕ್ಕಮ್ಮ ಮಾತ್ರ ರುಜು ಹಾಕಲಿಲ್ಲ. "ಭಾನುವಾರ ನಾನೇನು ಮಿಲ್ಲಿಗೆ ಹೋಗ್ತಿದ್ನೇನೇ? ಮೂವತ್ತು ದಿನ ಎಲ್ಲಿಂದ ತಂದರು?" ಎಂದಳು.

ಅವಳ ಪ್ರಶ್ನೆಗೆ ಆಗಲೇ ಒಂದು ಚರಿತ್ರೆಯಿತ್ತು. ಒಂದು ಕಾಲದಲ್ಲಿ ಗ್ರಾಚ್ಯುಟಿಯೆಂದರೆ ಧಣಿ ಸಂತೋಷದಿಂದ ಕೊಟ್ಟ ಇನಾಮು. 1972ರ ಕಾಯ್ದೆ ಅದನ್ನು ಹಕ್ಕಾಗಿಸಿತು. ಆದರೆ ಹದಿನೈದು ದಿನದ ಸಂಬಳವನ್ನು ಹೇಗೆ ತೆಗೆಯುವುದೆಂದು ಬಿಡಿಸಿ ಹೇಳಿರಲಿಲ್ಲ. ಗುಜರಾತಿನ ಉಣ್ಣೆ ಗಿರಣಿಯೊಂದರ ಮೊಕದ್ದಮೆಯಲ್ಲಿ, ತಿಂಗಳ ಸಂಬಳ 26 ದುಡಿಮೆಯ ದಿನಗಳದ್ದು ಎಂಬ ಲೆಕ್ಕವನ್ನು ಸುಪ್ರೀಂ ಕೋರ್ಟು 1980ರಲ್ಲಿ ಎತ್ತಿಹಿಡಿಯಿತು. 1987ರ ತಿದ್ದುಪಡಿ ಆ 26ನ್ನು ಕಾಯ್ದೆಯಲ್ಲೇ ಬರೆಯಿತು. 2,600ನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ ನೋಡಿ: ವರ್ಷಕ್ಕೆ 1,500. ಇಪ್ಪತ್ತು ವರ್ಷಕ್ಕೆ 30,000. ಚಿಕ್ಕಮ್ಮನಿಗೆ 4,000 ಕಡಿಮೆ ಬಂದಿತ್ತು.

"ಗಂಡಸಿಲ್ಲದ ಮನೆ, ಮಿಲ್ಲಿನವರ ಜೊತೆ ಯಾಕೆ ಜಗಳ?" ಎಂದರು ನೆಂಟರು. ಚಿಕ್ಕಮ್ಮ ಹೇಳಿದಳು, ನಾನು ಅರ್ಜಿ ಬರೆದೆ. ವಕೀಲರಿರಲಿಲ್ಲ. ಕಾಯ್ದೆಯ ನಿಯಂತ್ರಣಾಧಿಕಾರಿ ಕಾರ್ಮಿಕ ಇಲಾಖೆಯವರು. ತಾನು ಒಪ್ಪಿದಷ್ಟು ಹಣವನ್ನು ಧಣಿ ಮೊದಲು ಅವರಲ್ಲಿ ಠೇವಣಿ ಇಡಬೇಕು. ಹಾಗೆ ಇಟ್ಟ 26,000 ಚಿಕ್ಕಮ್ಮನ ಕೈಸೇರಿತು. ಜಗಳ ಉಳಿದ ನಾಲ್ಕು ಸಾವಿರಕ್ಕೆ.

ವಿಚಾರಣೆಯ ದಿನ ಅಧಿಕಾರಿ ಇಬ್ಬರನ್ನೂ ಎದುರುಬದುರು ಕೂರಿಸಿದರು. ಹಾಜರಿ ಪುಸ್ತಕ, ಸಂಬಳದ ಪಟ್ಟಿ ತರಿಸಿದರು. ಸಾಕ್ಷಿಯನ್ನು ಕರೆಸುವ, ಕಾಗದ ತರಿಸುವ ವಿಷಯದಲ್ಲಿ ಅವರಿಗೆ ಕೋರ್ಟಿನಷ್ಟೇ ಅಧಿಕಾರ. ಮುಂದೆ ಮೇಲ್ಮನವಿ ಹಾಕುವುದಿದ್ದರೂ ಧಣಿ ಆದೇಶದ ಹಣ ಕಟ್ಟಿಯೇ ಹೋಗಬೇಕು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ. ಇಷ್ಟನ್ನು ಬಲ್ಲವರಾಗಿದ್ದರೇನೋ, ಮಿಲ್ಲಿನವರು ಮೇಲ್ಮನವಿಗೆ ಹೋಗಲಿಲ್ಲ. ನಾಲ್ಕು ಸಾವಿರ ಬಡ್ಡಿಸಮೇತ ಬಂತು.

ಆ ಹಣದಲ್ಲಿ ಚಿಕ್ಕಮ್ಮ ಹಿತ್ತಲಿಗೆ ನಲ್ಲಿ ಹಾಕಿಸಿಕೊಂಡಳು. ಬೀದಿ ನಲ್ಲಿಯಿಂದ ಕೊಡ ಹೊರುವುದು ತಪ್ಪಿತು. ಅವಳೊಡನೆ ನಿವೃತ್ತರಾಗಿದ್ದ ಇಬ್ಬರು ಹೆಂಗಸರು ಒಂದು ಸಂಜೆ ತಮ್ಮ ಚೀಟಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು.

2025ರ ನವೆಂಬರಿನಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 26 ಅಲ್ಲಿಯೂ ಉಳಿದಿದೆ. ನಮ್ಮ ಹೆಣ್ಣುಮಕ್ಕಳು ಅಂಗಡಿ, ಆಸ್ಪತ್ರೆ, ಕಾರ್ಖಾನೆಗಳಿಂದ ಇಂಥ ಚೀಟಿ ತಂದಾಗ ನಾನು ಮೊತ್ತ ನೋಡುವುದಿಲ್ಲ. ಎಷ್ಟರಿಂದ ಭಾಗಿಸಿದ್ದಾರೆಂದು ಮೊದಲು ಕೇಳುತ್ತೇನೆ.